ದೇವೀರಕ್ಕನ ಮಾತು ತಂತಿ ಹತ್ತಿದ್ದು

ನಮ್ಮೂರಿನಲ್ಲಿ ಮಾತು ನಿಂತರೆ ಸಾಮಾನು ಮೇಲೇಳುತ್ತದೆ. ಮೊದಲು ಹಗುರವಾದವು ಏಳುತ್ತವೆ: ಬಸ್ಸಿನ ಚೀಟಿ, ಹಕ್ಕಿಯ ಪುಕ್ಕ, ಒಣಗಿದ ಕರಿಬೇವಿನ ಎಲೆ. ಆಮೇಲೆ ಲೋಟ, ತಟ್ಟೆ, ಮಣೆ. ಮೌನ ಇನ್ನೂ ಲಂಬಿಸಿದರೆ ಮಂಚ, ಬೀರು, ಬೀರುವಿಗೆ ಒರಗಿ ನಿಂತ ಮನುಷ್ಯ. ಇದಕ್ಕೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಬೇರೆ ಊರಿನವರು ಸಂಜೆಯಾಯಿತೆಂದರೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವ ಹಾಗೆ, ನಮ್ಮವರು ಮಾತು ಸೋರಿಹೋಗುವ ಸೂಚನೆ ಕಂಡ ಕೂಡಲೇ ಏನಾದರೊಂದು ವಿಷಯ ಎತ್ತುತ್ತಾರೆ. ಮಲಗುವ ಮುಂಚೆ ಮಂಚದ ಕಾಲನ್ನು ನೆಲದ ಕೊಂಡಿಗೆ ಬಿಗಿಯುತ್ತಾರೆ. ಗಂಡಹೆಂಡಿರು ಮುನಿಸಿಕೊಂಡರೆ ಮನೆಯ ಹಂಚು ಒಂದೊಂದಾಗಿ ಏಳುವುದು ಬೀದಿಗೆಲ್ಲ ಕಾಣುತ್ತದಾದ್ದರಿಂದ, ಜಗಳವನ್ನು ಬಾಯಿ ಬಿಟ್ಟೇ ಆಡಬೇಕು. ಶೋಕಸಭೆಯಲ್ಲಿ ಮೌನಾಚರಣೆಯ ಪದ್ಧತಿಯಿಲ್ಲ. ಸತ್ತವರ ಗುಣಗಾನ ಮುಗಿದ ಮೇಲೂ ಜನ ಈರುಳ್ಳಿಯ ಬಗ್ಗೆ, ಬಸ್ಸಿನ ವೇಳೆಯ ಬಗ್ಗೆ ಹೇಳುತ್ತಲೇ ಇರುತ್ತಾರೆ, ಹೆಣ ಇರಬೇಕಾದಲ್ಲಿ ಇರಲಿ ಎಂದು.

ಇಂಥ ಊರಿನಲ್ಲಿ ನಾನು ಮಾತು ಕಡಿಮೆಯವನಾಗಿ ಹುಟ್ಟಿದೆ. "ಏನಾದ್ರೂ ಅನ್ನೋ ಪುಣ್ಯಾತ್ಮ, ಹಾಲಿನ ಪಾತ್ರೆ ಹೊರಡ್ತು" ಎನ್ನುವುದು ನನ್ನ ತಾಯಿ ನನಗೆ ಹೇಳುತ್ತಿದ್ದ ಸುಪ್ರಭಾತ. ಪದವಿಗೆಂದು ಹೊರಗಿನ ಪಟ್ಟಣಕ್ಕೆ ಹೋದಾಗ, ಅಲ್ಲಿನ ಗ್ರಂಥಾಲಯದಲ್ಲಿ 'ಮೌನವಾಗಿರಿ' ಎಂಬ ಫಲಕ ಓದಿ, ಮೊದಲ ದಿನ ಇಡೀ ಮಧ್ಯಾಹ್ನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಏನೂ ಏಳಲಿಲ್ಲ. ಅಲ್ಲಿ ಮೌನಕ್ಕೆ ಯಾವ ಪರಿಣಾಮವೂ ಇರಲಿಲ್ಲ. ಅದು ನನಗೆ ಹಿಡಿಸಿತು. ಸ್ವಲ್ಪ ದಿನದ ಮೇಲೆ ಅದೇ ಕಾರಣಕ್ಕೆ ಸಪ್ಪೆ ಎನಿಸಿತು. ಯಾರು ಎಷ್ಟು ಸುಮ್ಮನಿದ್ದರೂ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಪದವಿ ಮುಗಿಸಿ ಊರಿಗೆ ಬಂದವನಿಗೆ ಕೆಲಸ ಸಿಗಲಿಲ್ಲ. ಸಂದರ್ಶನದಲ್ಲಿ ಪ್ರಶ್ನೆ ಕೇಳಿದರೆ ನಾನು ಯೋಚಿಸಿ ಉತ್ತರ ಹೇಳುವಷ್ಟರಲ್ಲಿ ಸಂದರ್ಶಕರ ಕನ್ನಡಕ ಹಣೆಗೆ ಏರಿರುತ್ತಿತ್ತು. ಕಡೆಗೆ ನನ್ನನ್ನು ಕರೆದದ್ದು ಪುರಸಭೆ, ಅದೂ ಬೇರೆ ಯಾರೂ ಸಿಗದಿದ್ದ ಕಾರಣಕ್ಕೆ. ಹೊರಗಿನ ಪಟ್ಟಣದಲ್ಲಿರುವ ದೊಡ್ಡ ಕಚೇರಿ ನಮ್ಮ ಪುರಸಭೆಗೆ ಒಂದು ಡಿಜಿಟಲ್ ಟರ್ಮಿನಲ್ ಅಡಾಪ್ಟರು ಕಳಿಸಿತ್ತು. ಹೆಸರಷ್ಟು ದೊಡ್ಡ ವಸ್ತುವಲ್ಲ, ಊಟದ ಡಬ್ಬಿಯಷ್ಟಿತ್ತು. ಒಂದು ಬದಿಗೆ ಕಂಪ್ಯೂಟರಿನ ಕೇಬಲ್ಲು, ಇನ್ನೊಂದು ಬದಿಗೆ ಫೋನಿನ ತಂತಿ. ಕಂಪ್ಯೂಟರು ಹೇಳಿದ್ದನ್ನು ತಂತಿಗೆ ದಾಟಿಸುವುದು, ತಂತಿಯಲ್ಲಿ ಬಂದದ್ದನ್ನು ಕಂಪ್ಯೂಟರಿಗೆ ಒಪ್ಪಿಸುವುದು ಅದರ ಕೆಲಸ. ಆದರೆ ಯಾವ ವೇಗದಲ್ಲಿ, ಯಾವ ನಂಬರಿಗೆ, ಯಾರು ಯಾವಾಗ ತಡೆದು ನಿಲ್ಲಬೇಕು ಎಂಬುದನ್ನೆಲ್ಲ ಒಂದೊಂದೇ ಕಮಾಂಡು ಟೈಪು ಮಾಡಿ ಅದಕ್ಕೆ ಕಲಿಸಬೇಕಿತ್ತು. ಆ ಕೆಲಸಕ್ಕೆ ನಾನು ಹಂಗಾಮಿ ನೌಕರನಾದೆ.

ಕಂಪ್ಯೂಟರು ಕೋಣೆಯಲ್ಲಿ ನನಗಿಂತ ಮೊದಲಿನಿಂದ ಇದ್ದವರು ದೇವೀರಕ್ಕ. ಬೆಲೆಬಾಳುವ ಸಾಮಾನಿರುವ ಸರ್ಕಾರಿ ಕೋಣೆಗೆಲ್ಲ ನಮ್ಮಲ್ಲಿ ಒಬ್ಬ ಮಾತುಗಾರನೋ ಮಾತುಗಾರ್ತಿಯೋ ಇರಬೇಕೆಂಬ ನಿಯಮವಿದೆ. ಹಿಂದಿನ ಕಂಪ್ಯೂಟರಿಗೆ ಯಾರನ್ನೂ ನೇಮಿಸದೆ ಬಿಟ್ಟಿದ್ದರಿಂದ, ಅದು ಒಂದು ಭಾನುವಾರ ಮೇಲೆದ್ದು ಫ್ಯಾನಿಗೆ ಸಿಕ್ಕಿ ಹಾಳಾಗಿತ್ತು. ಅಂದಿನಿಂದ ದೇವೀರಕ್ಕ ಬೆಳಗಿನಿಂದ ಸಂಜೆಯವರೆಗೆ ಒಂದು ಬೆತ್ತದ ಕುರ್ಚಿಯಲ್ಲಿ ಕುಳಿತು, ಮಡಿಲಿನಲ್ಲಿ ಬಿಡಿಸಬೇಕಾದ ಅವರೆಕಾಯಿಯನ್ನೋ ಸೋಸಬೇಕಾದ ಸೊಪ್ಪನ್ನೋ ಇಟ್ಟುಕೊಂಡು, ಕಂಪ್ಯೂಟರಿಗೆ ಮಾತಾಡುತ್ತಿದ್ದರು. ಸಂಜೆ ಅವರು ಎದ್ದ ಕೂಡಲೇ ಕಂಪ್ಯೂಟರನ್ನು ನೆಲದ ಕೊಂಡಿಗೆ ಬಿಗಿದು, ಎಲ್ಲರನ್ನೂ ಹೊರಡಿಸಿ ಕೋಣೆಗೆ ಬೀಗ ಹಾಕುತ್ತಿದ್ದರು. ಕೇಳುವವರು ಬೇಕೆಂಬ ಹಟ ಅವರಿಗಿರಲಿಲ್ಲ. ಮನೆಯಲ್ಲೂ ಹಾಗೆಯೇ. ಅವರ ಗಂಡ ನಿರ್ವಾಣಪ್ಪ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಲಕ್ವ ಹೊಡೆದು ಅವರ ಬಾಯಿ ನಿಂತುಹೋಗಿತ್ತು. ಹಗಲಿಗೆ ಪಕ್ಕದ ಅಂಗನವಾಡಿಯ ಮಕ್ಕಳ ಗಲಾಟೆ ಗೋಡೆ ದಾಟಿ ಬಂದು ಅವರ ಮಂಚವನ್ನು ಹಿಡಿದಿಡುತ್ತಿತ್ತು. ಸಂಜೆಗೆ ಮಕ್ಕಳು ಮನೆಗೆ ಹೋದರೆ ಮಂಚ ಏಳುವುದು. ಎಚ್ಚರವಿದ್ದಾಗ ಕಟ್ಟಿದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಗಾಗಿ ಕಚೇರಿಯ ಮಾತು ಮುಗಿಸಿದ ದೇವೀರಕ್ಕ ಮನೆಯ ಮಾತು ಶುರುಮಾಡುತ್ತಿದ್ದರು, ಗಂಡ ನಿದ್ದೆಹೋಗಿ ತಾವು ಮಂಚ ಕಟ್ಟುವ ತನಕ.

ನಾನು ಡಬ್ಬಿಗೆ ಮೊದಲ ಕಮಾಂಡು ಟೈಪು ಮಾಡಿದಾಗ ಅವರು ಪರದೆ ಇಣುಕಿ ನೋಡಿದರು.

"ಅದೇನಪ್ಪ ಪ್ರತಿ ಸಾಲಿಗೂ ಎಟಿ ಎಟಿ ಅಂತ ಹೊಡೀತೀಯ?"

"ಇಲ್ಲಿ ಕೇಳು ಅಂತ ಅದಕ್ಕೆ ಹೇಳೋದು ಅಕ್ಕ. ಹಾಗನ್ನದೆ ಏನು ಹೇಳಿದ್ರೂ ಅದು ತಲೆಗೆ ಹಾಕ್ಕೊಳ್ಳಲ್ಲ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

"ಸರಿಹೋಯ್ತು. ನಮ್ಮ ಯಜಮಾನ್ರೂ ಹಿಂಗೇ ಇದ್ರು, ಮೈ ಚೆನ್ನಾಗಿದ್ದಾಗ. ಈಗ ನೋಡು, ಕರೀದೆನೇ ಎಲ್ಲಾ ಕೇಳಿಸ್ಕೊಳ್ತಾರೆ."

ಡಬ್ಬಿ 'ಓಕೆ' ಎಂದಿತು. ಕಮಾಂಡಿಗೆ ಅದರ ಹತ್ತಿರ ಇದ್ದದ್ದು ಎರಡೇ ಉತ್ತರ, ಒಂದು ಓಕೆ, ಇನ್ನೊಂದು ಎರರ್. ಇಷ್ಟು ಕಡಿಮೆ ಮಾತಿನ ಜೀವಿಯನ್ನು ನಾನು ನಮ್ಮೂರಿನಲ್ಲಿ ಕಂಡಿರಲಿಲ್ಲ. ಅದರ ಮೇಲೆ ನನಗೆ ಗೌರವ ಹುಟ್ಟಿತು. ಡಬ್ಬಿ ತುಂಬಿದಾಗ ಕಂಪ್ಯೂಟರನ್ನು ತಡೆಯಲು ಒಂದು ಕಮಾಂಡು ಕೊಟ್ಟೆ, ಓಕೆ. ಕಂಪ್ಯೂಟರಿಗೂ ಡಬ್ಬಿಗೂ ನಡುವಿನ ವೇಗವನ್ನು ಅತಿ ಹೆಚ್ಚಿಗೆ ಏರಿಸಿದೆ, ಓಕೆ. ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷರಾದ ಉಮಾಪತಿಯವರು ಒಳಗೆ ಬಂದರು. ಊರಿನಲ್ಲಿ ಅತ್ಯಂತ ಹೆಚ್ಚು ಮಾತಾಡುವವರು ಎಂಬ ಕಾರಣಕ್ಕೆ ಆಯ್ಕೆಯಾದವರು. ಆ ಕಾರಣವನ್ನು ಅವರು ಎಂದೂ ಸುಳ್ಳು ಮಾಡಿರಲಿಲ್ಲ.

"ಏನ್ರೀ ಪದವೀಧರರೇ, ವೇಗ ಎಷ್ಟಿಟ್ರಿ?"

"ಎಲ್ಲಕ್ಕಿಂತ ಹೆಚ್ಚಿನದು ಸಾರ್."

"ಯಾರನ್ನ ಕೇಳಿ? ಸಭೆಗೆ ಬರಲಿಲ್ಲ, ಠರಾವಾಗಲಿಲ್ಲ, ಸೀದಾ ಎಲ್ಲಕ್ಕಿಂತ ಹೆಚ್ಚಿನದು! ಇದು ಜನರ ಯಂತ್ರ ಕಣ್ರೀ. ಜನಕ್ಕೆ ಅರ್ಥವಾಗೋ ವೇಗದಲ್ಲಿ ಹೋಗ್ಬೇಕು. ಎಲ್ಲಕ್ಕಿಂತ ಕಮ್ಮಿ ಯಾವುದಿದೆಯೋ ಅದನ್ನ ಇಡಿ."

ಇಟ್ಟೆ. ಡಬ್ಬಿ ಅದಕ್ಕೂ ಓಕೆ ಎಂದಿತು. ಆಮೇಲೆ ಅಧ್ಯಕ್ಷರು, ತಾವು ಉದ್ಘಾಟಿಸುವ ಕರೆ ಎಂದೂ ಕಡಿಯಬಾರದು, ಕರೆಂಟು ಹೋಗಿ ಬಂದರೂ ಡಬ್ಬಿ ತಾನಾಗಿ ದೊಡ್ಡ ಕಚೇರಿಯ ನಂಬರಿಗೇ ಕರೆ ಹಚ್ಚಬೇಕು ಎಂದರು. ಅದಕ್ಕೂ ಒಂದು ಕಮಾಂಡಿತ್ತು. ಟೈಪು ಮಾಡಿ, ಎಲ್ಲವನ್ನೂ ಡಬ್ಬಿಯ ನೆನಪಿನಲ್ಲಿ ಉಳಿಸಿದೆ.

ಉದ್ಘಾಟನೆ ಸಾಂಗವಾಗಿ ನಡೆಯಿತು. ಕರೆ ಹತ್ತಿತು, ಪರದೆಯ ಮೇಲೆ ಸಂಪರ್ಕವಾಯಿತೆಂಬ ಸಾಲು ಬಂತು. ಚಪ್ಪಾಳೆಯಾಯಿತು. ಅಧ್ಯಕ್ಷರು ದೊಡ್ಡ ಕಚೇರಿಗೆ ಕಳಿಸಬೇಕಾದ ಶುಭಾಶಯವನ್ನು ನನಗೆ ಹೇಳಿ ಬರೆಸತೊಡಗಿದರು. ನಾನು ಬೆರಳು ಕೀಲಿಯ ಮೇಲೆ ಇಡುವ ಮೊದಲೇ ಪರದೆಯಲ್ಲಿ ಅಕ್ಷರ ಸಾಲುಗಟ್ಟಿ ಬರತೊಡಗಿದವು: ನಿನ್ನೆ ಹುರುಳಿ ಬಸ್ಸಾರು ಮಾಡಿದ್ದೆ ಉಪ್ಪು ಒಂಚೂರು ಮುಂದಾಯ್ತು ಆದ್ರೆ ಅವರು ತಿಂದ್ರು ತಿನ್ನದೆ ಏನು ಮಾಡ್ತಾರೆ ಪಾಪ.

ಕೋಣೆಯೆಲ್ಲ ದೇವೀರಕ್ಕನ ಕಡೆ ತಿರುಗಿತು. ಅವರು ಅವರೆಕಾಯಿ ಬಿಡಿಸುತ್ತ ತಮ್ಮ ಪಾಡಿಗೆ ಹೇಳಿಕೊಂಡು ಹೋಗುತ್ತಿದ್ದರು. ನಮ್ಮೂರಿನ ಮಾತಿಗೆ ತೂಕವಿದೆ. ಅದು ಎಲ್ಲದರ ಮೇಲೂ ಕೂರುತ್ತದೆ. ಅಷ್ಟು ನಿಧಾನವಾಗಿ ಹೋಗುವ ತಂತಿ ಕಂಡರೆ ಅದರ ಮೇಲೂ ಹತ್ತಿ ಕೂರುತ್ತದೆ, ನಡೆಯುವ ಎತ್ತಿನಗಾಡಿಗೆ ಹಿಂದಿನಿಂದ ಹತ್ತುವ ಹಾಗೆ. ಓಡುವ ರೈಲಿಗಾದರೆ ಹತ್ತಲಾಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡ ಕಚೇರಿಯ ಉತ್ತರ ಬಂತು: "ತಮ್ಮ ಬಸ್ಸಾರು ಸ್ವೀಕೃತವಾಗಿದೆ. ಪರಿಶೀಲನೆಯಲ್ಲಿದೆ. ಉಪ್ಪಿನ ಬಗ್ಗೆ ಸ್ಪಷ್ಟೀಕರಣ ನೀಡುವುದು."

ಕರೆ ಕಡಿದು ಮತ್ತೆ ವೇಗ ಸರಿಮಾಡಬೇಕೆಂದರೆ ಡಬ್ಬಿ ಕೇಳಲೊಲ್ಲದು. ಒಮ್ಮೆ ಕರೆ ಹತ್ತಿತೆಂದರೆ ಅದಕ್ಕೆ ಏನು ಹೇಳಿದರೂ ಅದು ತನಗೆ ಹೇಳಿದ್ದೆಂದು ತಿಳಿಯುವುದಿಲ್ಲ. ಆ ತುದಿಯವರಿಗೆ ಹೇಳಿದ್ದೆಂದು ತಿಳಿದು ದಾಟಿಸಿಬಿಡುತ್ತದೆ. ಎಟಿ ಎಂದರೆ ಎಟಿಯನ್ನೂ ದಾಟಿಸಿತು, "ಎಟಿ ಎಂದರೆ ಯಾವ ಇಲಾಖೆ?" ಎಂದು ಅವರು ಕೇಳಿದರು. ಕರೆಂಟು ತೆಗೆದರೆ, ಅಧ್ಯಕ್ಷರ ಅಪ್ಪಣೆಯಂತೆ, ಕರೆಂಟು ಬಂದ ಕ್ಷಣ ತಾನಾಗಿ ಮತ್ತೆ ಅದೇ ಕರೆ. ಉಳಿದದ್ದು ಒಂದೇ ದಾರಿ. ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಅದಿತ್ತು: ತಂತಿಯ ಮೇಲೆ ಒಂದು ಕ್ಷಣ ಏನೂ ಹೋಗಬಾರದು, ಆಮೇಲೆ ಮೂರು ಪ್ಲಸ್ ಗುರುತು ಒತ್ತಬೇಕು, ಆಮೇಲೆ ಮತ್ತೊಂದು ಕ್ಷಣ ಏನೂ ಹೋಗಬಾರದು. ಹಿಂದೆ ಮುಂದೆ ಮೌನವಿದ್ದರೆ ಮಾತ್ರ ಡಬ್ಬಿ, ಓಹೋ ಇದು ನನಗೇ ಹೇಳಿದ್ದು, ಎಂದು ತಿರುಗಿ ನೋಡುತ್ತದೆ.

ಆ ಪುಟವನ್ನು ನಾನು ಎಷ್ಟು ಸಲ ಓದಿದೆನೋ. ನಾನು ಓದಿದ ಯಾವ ಪುಸ್ತಕದಲ್ಲೂ ಮೌನಕ್ಕೆ ಇಷ್ಟು ಖಚಿತವಾದ ಕೆಲಸ ಕೊಟ್ಟಿರಲಿಲ್ಲ.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಅದೇ ವಾರ ದೇವೀರಕ್ಕನ ಗಂಟಲು ಕಟ್ಟಿತು. ಬಿಸಿನೀರು, ಮೆಣಸು, ಜ್ಯೇಷ್ಠಮಧು ಎಲ್ಲ ಆಯಿತು. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, ಸ್ವರದ ತಂತುವಿನ ಮೇಲೆ ಗಂಟಾಗಿದೆ, ಒಂದು ತಿಂಗಳು ಪಿಸುಮಾತೂ ಆಡಕೂಡದು, ಆಡಿದರೆ ಇರುವ ಧ್ವನಿಯೂ ಪೂರ್ತಿ ಹೋಗಿಬಿಡುತ್ತದೆ ಎಂದರು. ಹೇಳುವಾಗ ಡಾಕ್ಟರ ಕಣ್ಣು ತಮ್ಮ ಮೇಜಿನ ಮೇಲಿನ ಸಾಮಾನಿನ ಮೇಲೆಯೇ ಇತ್ತಂತೆ.

"ಒಂದು ತಿಂಗಳು ಸುಮ್ನಿರು ಅಂದ್ರೆ?" ಎಂದು ದೇವೀರಕ್ಕ ನನ್ನನ್ನು ಕೇಳಿದರು. ಧ್ವನಿ ಜರಡಿಯಲ್ಲಿ ಮರಳು ಆಡಿಸಿದ ಹಾಗಿತ್ತು. "ಇಲ್ಲಿ ಈ ಪೆಟ್ಟಿಗೆ ಹೋಗ್ಲಿ, ಅದು ಸರ್ಕಾರದ್ದು. ಮನೇಲಿ ಅವರು ಮೇಲೆ ಹೋಗಿ ತೊಲೆಗೆ ತಲೆ ಬಡಿಸ್ಕೊಂಡ್ರೆ? ಅಮ್ಮಾ ಅನ್ನೋಕೂ ಬಾಯಿಲ್ಲ ಅವರಿಗೆ."

"ಮೊದ್ಲು ಇಲ್ಲಿ ರಜೆ ತಗೊಳ್ಳಿ ಅಕ್ಕ. ಅರ್ಧ ಮಾತಾದ್ರೂ ಉಳಿಯುತ್ತೆ."

ರಜೆ ಕೇಳಿದಾಗ ಅಧ್ಯಕ್ಷರು ಧಾರಾಳವಾಗಿ ಒಪ್ಪಿದರು. "ಕೊಡೋಣ, ಖಂಡಿತ ಕೊಡೋಣ. ಆದ್ರೆ ಹೊಸ ಆದೇಶ ಬಂದಿದೆಯಲ್ಲಮ್ಮ, ಇನ್ನು ಮೇಲೆ ರಜೆ ಅರ್ಜಿ ಎಲ್ಲಾ ಈ ಸಂಪರ್ಕದ ಮೂಲಕಾನೇ ಹೋಗ್ಬೇಕು ಅಂತ. ಕಾಗದದ ಮೇಲೆ ಬರೆದುಕೊಟ್ರೆ ನಾನು ಅದನ್ನ ನೋಡೋ ಹಾಗೂ ಇಲ್ಲ."

ಸಂಪರ್ಕದಲ್ಲಿ ಅರ್ಜಿ ಹೋಗಲು ಜಾಗವಿರಲಿಲ್ಲ. ಅದರ ತುಂಬ ದೇವೀರಕ್ಕನ ಮಾತೇ ಇತ್ತು. ನಾನು ಅರ್ಜಿಯ ಒಂದು ಸಾಲು ಟೈಪು ಮಾಡಿದರೆ ಅದರ ನಡುವೆ ಅವರೆಕಾಯಿ, ಪಕ್ಕದ ಮನೆಯ ಸೊಸೆ, ನಿರ್ವಾಣಪ್ಪನವರ ಮೊಣಕಾಲು ಸೇರಿಕೊಳ್ಳುತ್ತಿದ್ದವು. ಅವರು ಮಾತಿನ ನಡುವೆ ತಮ್ಮ ಗಂಟಲಿನ ಸಂಗತಿಯನ್ನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದರು. ಅದೆಲ್ಲವೂ ದೊಡ್ಡ ಕಚೇರಿಗೆ ತಲುಪುತ್ತಿತ್ತು. "ಗಂಟಲಿನ ವಿಷಯ ಗಮನಿಸಲಾಗಿದೆ. ನಿಗದಿತ ನಮೂನೆಯಲ್ಲಿ ಅರ್ಜಿ ಬಂದಲ್ಲಿ ಪರಿಗಣಿಸಲಾಗುವುದು" ಎಂದು ಅವರು ಬರೆದರು. ನಾನು ದೇವೀರಕ್ಕನ ಬದಲು ಮಾತಾಡಲು ನೋಡಿದೆ. ನನ್ನ ಮಾತು ತೆಳು. ನಾಲ್ಕು ವಾಕ್ಯಕ್ಕೆ ವಿಷಯ ಮುಗಿಯಿತು. ಐದನೆಯದನ್ನು ಹುಡುಕುವಷ್ಟರಲ್ಲಿ ಕೀಲಿಮಣೆ ನನ್ನ ಗಲ್ಲಕ್ಕೆ ತಾಗುತ್ತಿತ್ತು. ದೇವೀರಕ್ಕ ನಕ್ಕು, "ಬಿಡು ತಮ್ಮ, ನಿಂದು ಉಪವಾಸದ ಮಾತು" ಎಂದು ಮತ್ತೆ ತಾವೇ ಶುರುಮಾಡಿದರು. ಒಂದೊಂದು ಪದ ಹೊರಬರುವಾಗಲೂ ಅವರ ಕುತ್ತಿಗೆಯ ನರ ಹಗ್ಗದಂತೆ ಬಿಗಿಯುವುದನ್ನು ನೋಡುತ್ತ ಕುಳಿತಿರಬೇಕಾಗಿತ್ತು.

ಕೋಣೆಯಲ್ಲಿ ಒಂದು ಕ್ಷಣದ ಮೌನ ಬೇಕು, ಕಂಪ್ಯೂಟರನ್ನು ಅಷ್ಟು ಹೊತ್ತು ಕಿಟಕಿಯ ಸರಳಿಗೆ ಕಟ್ಟಿದರೆ ಸಾಕು ಎಂದು ನಾನು ಅಧ್ಯಕ್ಷರಿಗೆ ಹೇಳಿದೆ. ಅವರು ಕುರ್ಚಿಯ ಕೈ ಹಿಡಿದುಕೊಂಡರು. ಸರ್ಕಾರಿ ಕಟ್ಟಡದಲ್ಲಿ ಮೌನ! ಇದಕ್ಕೆ ಮಂಜೂರಾತಿ ಬೇಕೆಂದರು. ಮೌನದ ಬಗ್ಗೆ ಚರ್ಚಿಸಲು ಸಭೆ ಕರೆದರು. ಸದಸ್ಯರೆಲ್ಲರೂ ಮೌನದ ಪರವಾಗಿ ದೀರ್ಘವಾಗಿ ಮಾತಾಡಿದರು. ಒಬ್ಬರು ಮೌನ ನಮ್ಮ ಪರಂಪರೆ ಎಂದರು. ಇನ್ನೊಬ್ಬರು ತಮ್ಮ ತಾತ ಒಮ್ಮೆ ಸುಮ್ಮನಿದ್ದದ್ದನ್ನು ಕಣ್ಣಾರೆ ಕಂಡವರಿದ್ದಾರೆ ಎಂದರು. ಕಡೆಗೆ ಮೌನವನ್ನು ಶಿಸ್ತಿನಿಂದ ನಡೆಸಿಕೊಡಲು ಒಬ್ಬ ಮೇಲ್ವಿಚಾರಕ ಇರತಕ್ಕದ್ದು ಎಂದು ಠರಾವಾಯಿತು. ಆ ಜವಾಬ್ದಾರಿಯನ್ನು ಅಧ್ಯಕ್ಷರೇ ವಹಿಸಿಕೊಂಡರು.

ಗೊತ್ತುಮಾಡಿದ ದಿನ ಸದಸ್ಯರೆಲ್ಲ ಕಂಪ್ಯೂಟರು ಕೋಣೆಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತರು. ದೇವೀರಕ್ಕ ಬಾಯಿ ಮುಚ್ಚಿದರು. ಒಂದು ಬಗೆಯ ನಿಶ್ಶಬ್ದ ಇಳಿಯತೊಡಗಿತು. ಮೇಜಿನ ಮೇಲಿನ ಪೆನ್ನು ಮಿಸುಕಿತು. ನಾನು ಪ್ಲಸ್ಸಿನ ಮೇಲೆ ಬೆರಳು ಇಟ್ಟೆ.

"ಮೌನ ಈಗ ಆರಂಭವಾಗಿದೆ" ಎಂದು ಅಧ್ಯಕ್ಷರು ಘೋಷಿಸಿದರು.

ಅದು ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿ ತಂತಿ ಹತ್ತಿ ಹೋಯಿತು. "ಸಂತೋಷ. ಮುಕ್ತಾಯವಾದ ಕೂಡಲೇ ವರದಿ ಮಾಡುವುದು" ಎಂದು ಉತ್ತರ ಬಂತು.

ಸಾರ್, ಘೋಷಿಸಬಾರದು ಎಂದೆ. ಘೋಷಿಸದಿದ್ದರೆ ಮೌನ ಶುರುವಾದದ್ದು ಜನಕ್ಕೆ ಗೊತ್ತಾಗುವುದು ಹೇಗೆ ಎಂದು ಅವರು ಕೇಳಿದರು. ಎರಡನೆಯ ಸಲ ಅವರು ಘೋಷಿಸಲಿಲ್ಲ. ಉಪಾಧ್ಯಕ್ಷರು "ಸಾರ್, ಘೋಷಣೆ ಮರೆತ್ರಿ" ಎಂದು ಜ್ಞಾಪಿಸಿದರು. ಮೂರನೆಯ ಸಲ ಎಲ್ಲರೂ ನಿಜವಾಗಿ ಸುಮ್ಮನಾದರು, ಅಧ್ಯಕ್ಷರ ಪಂಚೆ ನಿಧಾನವಾಗಿ ಏಳತೊಡಗಿತು, ಅವರು "ಅಯ್ಯಯ್ಯೋ" ಎಂದರು. ಅದಕ್ಕೆ ದೊಡ್ಡ ಕಚೇರಿ ವಿವರಣೆ ಕೇಳಿತು. ಮೌನ ಸಿದ್ಧತೆಯ ಕೊರತೆಯಿಂದ ವಿಫಲವಾಗಿದೆಯೆಂದು ದಾಖಲಿಸಿ ಸಭೆಯನ್ನು ಮುಂದಕ್ಕೆ ಹಾಕಿದರು. ದೇವೀರಕ್ಕ ಮತ್ತೆ ಬೆತ್ತದ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದರು. ಈ ಸಲ ಪದಗಳು ಅರ್ಧರ್ಧವೇ ಹೊರಬಿದ್ದವು. ಪರದೆಯ ಮೇಲೂ ಅರ್ಧರ್ಧವೇ.

ಮಾರನೆಯ ದಿನ ಊಟದ ಹೊತ್ತಿಗೆ ಕಚೇರಿಯವರೆಲ್ಲ ವರಾಂಡದಲ್ಲಿ ಬುತ್ತಿ ಬಿಚ್ಚಿಕೊಂಡು ಗದ್ದಲ ಮಾಡುತ್ತಿದ್ದಾಗ ನಾನು ಬಾಗಿಲು ಹಾಕಿದೆ. ಬಾವಿಯ ಹಗ್ಗ ತಂದು ಕಂಪ್ಯೂಟರನ್ನೂ ಮೇಜನ್ನೂ ಕಿಟಕಿಯ ಸರಳಿಗೆ ಸಡಿಲವಾಗಿ ಕಟ್ಟಿದೆ. ದೇವೀರಕ್ಕ ನನ್ನ ಕೈಯನ್ನೇ ನೋಡುತ್ತ, ಕರಕರ ಧ್ವನಿಯಲ್ಲಿ ಹಗ್ಗದ ಗಂಟಿನ ಬಗ್ಗೆ ಏನೋ ಹೇಳುತ್ತಿದ್ದರು.

"ಅಕ್ಕ, ಈಗ ನಾವಿಬ್ಬರೇ. ನಾನು ತಲೆ ಆಡಿಸಿದ ಕೂಡ್ಲೇ ಸುಮ್ನಾಗಿ. ಮತ್ತೆ ತಲೆ ಆಡಿಸೋ ತನಕ ಏನೂ ಬೇಡ."

"ನಾನು ಎಚ್ಚರವಾಗಿದ್ದು ಸುಮ್ನಿದ್ದಿದ್ದು ಯಾವಾಗ ಅಂತ ನಂಗೇ ಜ್ಞಾಪಕ ಇಲ್ಲ ಕಣಪ್ಪ. ಹೆಂಗಿರುತ್ತೋ ಏನೋ."

"ಹೆದರಬೇಡಿ."

"ಹೆದರಿಕೆ ಅಲ್ವೋ," ಎಂದರು. "ಅದ್ರ ರುಚಿ ಹತ್ತಿಬಿಟ್ರೆ ಏನ್ಮಾಡ್ಲಿ?"

ನಾನು ತಲೆ ಆಡಿಸಿದೆ.

ಅವರ ಮಾತು ನಿಂತಿತು. ಹೊರಗಿನ ಗದ್ದಲ ದಪ್ಪ ಬಾಗಿಲಿನ ಆಚೆಗೇ ಉಳಿಯಿತು. ಪರದೆಯ ಮೇಲೆ ಓಡುತ್ತಿದ್ದ ಸಾಲು ನಿಂತು, ಅದರ ತುದಿಯ ಗುರುತು ಮಾತ್ರ ಮಿನುಗುತ್ತಿತ್ತು. ಮಡಿಲಿನ ಅವರೆಕಾಳು ಒಂದೊಂದಾಗಿ ಎದ್ದು ಅವರ ಮುಖದ ಮುಂದೆ ಹಸಿರು ಮಣಿಗಳಂತೆ ನಿಂತವು. ಸೆರಗು ಎದ್ದಿತು, ಹಣೆಯ ಮೇಲಿನ ಬಿಳಿಗೂದಲು ಎದ್ದಿತು, ಬೆತ್ತದ ಕುರ್ಚಿ ನೆಲ ಬಿಟ್ಟಿತು. ಅವರು ಕೆಳಗೆ ನೋಡಲಿಲ್ಲ. ಮುಖದ ಬಿಗಿ ಸಡಿಲವಾಗುತ್ತ ಆಗುತ್ತ, ಅವರು ನನಗೆ ಗುರುತೇ ಸಿಗದಷ್ಟು ಚಿಕ್ಕವರಾಗಿ ಕಂಡರು. ನಾನೂ ಏರುತ್ತಿದ್ದೆ. ಹಗ್ಗ ಬಿಗಿದು ಮೇಜು ಗಾಳಿಯಲ್ಲಿ ನಿಂತಿತು. ಮೂರು ಪ್ಲಸ್ ಒತ್ತಿದೆ. ಮತ್ತೆ ಕಾದೆವು. ಎರಡು ಜನ ಒಂದೇ ಮೌನವನ್ನು ಎರಡು ಕಡೆಯಿಂದ ಹಿಡಿದುಕೊಂಡ ಹಾಗಿತ್ತು.

ಓಕೆ, ಎಂದಿತು ಡಬ್ಬಿ.

ಸೀಲಿಂಗಿಗೆ ತಲೆ ಒತ್ತಿಕೊಂಡೇ ಕರೆ ಕಡಿಯುವ ಕಮಾಂಡು ಕೊಟ್ಟೆ. ವೇಗವನ್ನು ಎಲ್ಲಕ್ಕಿಂತ ಹೆಚ್ಚಿಗೆ ಏರಿಸಿದೆ. ತಾನಾಗಿ ಕರೆ ಹಚ್ಚುವ ಅಪ್ಪಣೆಯನ್ನು ಅಳಿಸಿದೆ. ಎಲ್ಲವನ್ನೂ ನೆನಪಿನಲ್ಲಿ ಉಳಿಸಿದೆ. ಡಬ್ಬಿ ಪ್ರತಿಯೊಂದಕ್ಕೂ ಓಕೆ ಎಂದಿತು. ಆಮೇಲೆ ದೇವೀರಕ್ಕನ ಕಡೆ ತಿರುಗಿ ತಲೆ ಆಡಿಸಿದೆ.

ಅವರು ಬಾಯಿ ತೆರೆದರು. ತುಟಿ ಅಲುಗಿತು. ಏನೂ ಬರಲಿಲ್ಲ. ಮತ್ತೊಮ್ಮೆ ನೋಡಿದರು, ಗಾಳಿ ಮಾತ್ರ ಬಂತು. ಅವರ ಕೈ ಗಂಟಲಿಗೆ ಹೋಯಿತು. ನನ್ನ ಮೇಲೆ ನೆಟ್ಟ ಕಣ್ಣಿನಲ್ಲಿ ಕಂಡದ್ದು ನಿರ್ವಾಣಪ್ಪನವರ ಮಂಚ.

ಆಗ ನಾನು ಮಾತಾಡಿದೆ. ಏನು ಹೇಳಿದೆನೆಂದು ಹೇಳಿಕೊಳ್ಳಲು ಹೆಮ್ಮೆಯಾಗುವುದಿಲ್ಲ: ಡಬ್ಬಿಯ ಪುಸ್ತಕದ ಪೀಠಿಕೆ, ಅದರ ತೂಕ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಬಾರದೆಂಬ ಎಚ್ಚರಿಕೆ, ಬಾಯಿಗೆ ಬಂದದ್ದೆಲ್ಲ. ಕುರ್ಚಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕಾಲು ನೆಲಕ್ಕೆ ಎಟುಕುವಷ್ಟು ಮಾತ್ರ. ದೇವೀರಕ್ಕ ಹಾರಿ ಇಳಿದು, ಸೆರಗು ಸರಿಮಾಡಿಕೊಂಡು, ಮನೆಗೆ ಹೋದರು.

ರಜೆ ಅರ್ಜಿ ಆ ಮಧ್ಯಾಹ್ನವೇ ಹೋಯಿತು. ಕಾರಣದ ಸಾಲಿನಲ್ಲಿ ನಾನು ನಡೆದದ್ದನ್ನು ನಡೆದ ಹಾಗೆ ಬರೆದಿದ್ದೆ. ದೊಡ್ಡ ಕಚೇರಿಯ ಉತ್ತರಕ್ಕೆ ಹೊಸ ವೇಗ ಬಂದಿತ್ತು: "ಕೊಠಡಿಯಲ್ಲಿ ಮೌನವಿದ್ದಾಗಲೂ ಕೆಲಸ ಯಶಸ್ವಿಯಾಗಿ ನಡೆದಿರುವುದು ತಮ್ಮ ಅರ್ಜಿಯಿಂದಲೇ ಸಾಬೀತಾಗಿದೆ. ಆದ್ದರಿಂದ ಮಾತಿನ ಹುದ್ದೆಯನ್ನು ರದ್ದುಪಡಿಸಲಾಗಿದೆ. ಹುದ್ದೆ ಇಲ್ಲದ ಕಾರಣ ರಜೆಯ ಪ್ರಶ್ನೆ ಉದ್ಭವಿಸುವುದಿಲ್ಲ." ಅಧ್ಯಕ್ಷರು ಅದನ್ನು ಸಭೆಯಲ್ಲಿ ಓದಿ, ಇದು ಸಂಪರ್ಕದ ಮೊದಲ ಫಲ ಎಂದು ಬಣ್ಣಿಸಿದರು. ಹುದ್ದೆ ಹೋದದ್ದರಿಂದ ದೇವೀರಕ್ಕನಿಗೆ ಕೇಳಿದಷ್ಟು ವಿಶ್ರಾಂತಿ ಸಿಕ್ಕಿತಲ್ಲ ಎಂದೂ ಹೇಳಿದರು.

ಸಂಜೆ ಹೊತ್ತಿಗೆ ನಾನು ಅವರ ಮನೆಗೆ ಹೋಗತೊಡಗಿದೆ. ಅಂಗನವಾಡಿಯ ಕೊನೆಯ ಮಗುವನ್ನು ಅದರ ತಾಯಿ ಎಳೆದುಕೊಂಡು ಹೋಗುವಾಗ ನಾನು ನಿರ್ವಾಣಪ್ಪನವರ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಅವರಿಗೆ ಏನು ಹೇಳುವುದು? ಕಮಾಂಡುಗಳನ್ನು ಹೇಳಿದೆ. ಪ್ರತಿ ಸಾಲಿಗೂ ಎಟಿ ಎಂದು ಕೂಗಿದರೆ ಅವರ ಒಂದು ಬದಿಯ ತುಟಿ ನಗುವಿನ ಕಡೆ ಎಳೆಯುತ್ತಿತ್ತು. ಹರಾಜಿನ ಕೂಗು ಜ್ಞಾಪಕಕ್ಕೆ ಬರುತ್ತಿತ್ತೋ ಏನೋ. ನನ್ನ ಮಾತಿಗೆ ಮಂಚ ಪೂರ್ತಿ ಕೂರುತ್ತಿರಲಿಲ್ಲ. ನೆಲದಿಂದ ಒಂದು ಗೇಣು ಮೇಲೆ, ಕೆರೆಯಲ್ಲಿ ಕಟ್ಟಿದ ತೆಪ್ಪದ ಹಾಗೆ, ಅಲ್ಲಾಡುತ್ತ ನಿಲ್ಲುತ್ತಿತ್ತು. ದೇವೀರಕ್ಕ ಬಾಗಿಲ ಬಳಿ ಕುಳಿತು ಕಣ್ಣು ಬಿಟ್ಟೇ ಇರುತ್ತಿದ್ದರು. ನನ್ನ ಮಾತು ತಡವರಿಸಿದಾಗಲೆಲ್ಲ ಅವರ ಕತ್ತು ಬಿಗಿಯುವುದು, ಬಾಯಿ ತೆರೆದುಕೊಳ್ಳುವುದು. ನಾನು ಇನ್ನೊಂದು ವಾಕ್ಯಕ್ಕೆ ತಡಕಾಡುತ್ತಿದ್ದೆ. ನನ್ನನ್ನು ನಂಬಿ ಅವರು ಒಂದು ಸಂಜೆಯೂ ನಿದ್ದೆ ಮಾಡಲಿಲ್ಲ. ಅದರಲ್ಲಿ ತಪ್ಪೂ ಇರಲಿಲ್ಲ.

ಇತ್ತ ಕಚೇರಿಯಲ್ಲಿ ಕಂಪ್ಯೂಟರು ಸೀಲಿಂಗು ಸೇರಿತ್ತು. ನಾನೂ ಸ್ಟೂಲಿನ ಸಮೇತ ಏರಿ ಅಲ್ಲಿಯೇ ಟೈಪು ಮಾಡುತ್ತಿದ್ದೆ. ನನಗೆ ಅದರಿಂದ ತೊಂದರೆಯಿರಲಿಲ್ಲ. ಅಲ್ಲಿ ಬಹಳ ನೆಮ್ಮದಿಯಿತ್ತು. ಆದರೆ ಸಹಿಗೆಂದು ಬಂದ ಅಧ್ಯಕ್ಷರು, ತಮ್ಮ ಮಾತಿಗೆ ಅದು ಇಳಿಯುವ ತನಕ ಕಾಯಲಾರದೆ, ಏಣಿ ಹತ್ತಬೇಕಾಯಿತು. ದೊಡ್ಡ ಕಚೇರಿಯಿಂದ ತಪಾಸಣೆಗೆ ಯಾರೋ ಬರುವ ಸುದ್ದಿ ಬೇರೆ ಬಂತು. ರದ್ದಾದ ಹುದ್ದೆಯನ್ನು ಬೇರೆ ಹೆಸರಿನಲ್ಲಿ ಸೃಷ್ಟಿಸಲು ಅಧ್ಯಕ್ಷರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ಆ ಹೊತ್ತಿಗೆ ಒಂದು ತಿಂಗಳು ತುಂಬುತ್ತ ಬಂದಿತ್ತು. ಒಂದು ಸಂಜೆ ನಾನು ಹೋದಾಗ ಅಡುಗೆಮನೆಯಿಂದ "ಬಂದ್ಯಾ" ಎಂಬ ಸಣ್ಣ ಧ್ವನಿ ಕೇಳಿತು. ಒಡಕಿಲ್ಲದ ಧ್ವನಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ದೇವೀರಕ್ಕ ಹೊರಬಂದು, ತುಟಿಯ ಮೇಲೆ ಬೆರಳಿಟ್ಟುಕೊಂಡು ನಕ್ಕರು. ಅಷ್ಟರಲ್ಲಿ ಬೀದಿಯಲ್ಲಿ ಉಮಾಪತಿಯವರ ಮಾತು ಕೇಳಿಸಿತು. ಅವರು ಬರುವುದಕ್ಕಿಂತ ಮುಂಚೆ ಅವರ ಮಾತು ಬರುತ್ತದೆ.

"ಏನಮ್ಮಾ ದೇವೀರಮ್ಮ, ಹೆಂಗಿದೀರಿ? ಕೂತ್ಕೊಳ್ಳಿ, ಕೂತ್ಕೊಳ್ಳಿ. ನೋಡಿ, ನಾನು ಸುತ್ತಿಬಳಸಿ ಮಾತಾಡೋನಲ್ಲ," ಎಂದು ಶುರುಮಾಡಿದರು. ಸಂಪರ್ಕ ಕೊಠಡಿಗೆ ಹಿರಿಯ ಮಾತುಗಾರ್ತಿ ಎಂಬ ಹೊಸ ಹುದ್ದೆಯಿದೆ, ಅದನ್ನು ಅವರು ಒಪ್ಪಿಕೊಳ್ಳಬೇಕು ಎಂದರು. ದೇವೀರಕ್ಕ ಗಂಟಲು ಮುಟ್ಟಿ ತೋರಿಸಿ, ಕೈ ಆಡಿಸಿದರು.

ಅಧ್ಯಕ್ಷರಿಗೆ ಇದಿರು ಉತ್ತರವಿಲ್ಲದ ಮನೆಯಲ್ಲಿ ಕುಳಿತು ಅಭ್ಯಾಸವಿರಲಿಲ್ಲ. ಸುಮ್ಮನಾದರೆ ತಮ್ಮ ಕುರ್ಚಿ ಏಳುತ್ತದೆಂಬ ಭಯ ಬೇರೆ. ಅವರು ಹುದ್ದೆಯ ಮಹತ್ವ ಹೇಳಿದರು, ಊರಿನ ಮಾನ ಹೇಳಿದರು, ತಮ್ಮ ಬಾಲ್ಯ ಹೇಳಿದರು, ಚುನಾವಣೆಯಲ್ಲಿ ತಮಗೆ ಕೈಕೊಟ್ಟವರ ಹೆಸರು ಹೇಳಿದರು. ಮಂಚ ನೆಲಕ್ಕೆ ಇಳಿಯಿತು. ನಾಲ್ಕು ಕಾಲೂ ನೆಲಕ್ಕೆ ಊರಿ, ಅದರ ಹಲಗೆ ಸಣ್ಣಗೆ ಕಿರುಗುಟ್ಟಿತು. ನಿರ್ವಾಣಪ್ಪನವರ ಬೆರಳು ಹೊದಿಕೆಯನ್ನು ಹಿಡಿದುಕೊಂಡಿದ್ದದ್ದು ಸಡಿಲವಾಯಿತು. ದೇವೀರಕ್ಕ ಅದನ್ನು ನೋಡಿದರು. ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿಗೆ ಅವರ ತಲೆ ವಾಲಿತು. ಅಧ್ಯಕ್ಷರು ಅದನ್ನು ಸಮ್ಮತಿಯ ಯೋಚನೆಯೆಂದು ತಿಳಿದು ಇನ್ನಷ್ಟು ಹುರುಪಿನಿಂದ ಮುಂದುವರಿಸಿದರು. ನಾನೂ ಬಹಳ ದಿನದ ಮೇಲೆ ಸುಮ್ಮನೆ ಕುಳಿತೆ, ಏನೂ ಏಳಲಿಲ್ಲ.

ಮಾರನೆಯ ಸಂಜೆ ಅವರು ಮತ್ತೆ ಬಂದರು. ಹುದ್ದೆ ಪ್ರಧಾನ ಮಾತುಗಾರ್ತಿಯಾಗಿತ್ತು. ಅದರ ಮಾರನೆಯ ದಿನ ಮುಖ್ಯ ಮಾತಿನ ಅಧಿಕಾರಿ. ದಿನವೂ ದೇವೀರಕ್ಕ ಗಂಟಲು ಮುಟ್ಟಿ ತೋರಿಸುತ್ತಿದ್ದರು, ದಿನವೂ ಗೋಡೆಗೆ ಒರಗಿ ನಿದ್ದೆ ತೆಗೆಯುತ್ತಿದ್ದರು. ಒಂದು ಸಂಜೆ ಅಧ್ಯಕ್ಷರು ಹೋದ ಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ:

"ಅಕ್ಕ, ಧ್ವನಿ ಬಂದಿದೆ. ಕೆಲಸ ಕಾಲ ಬುಡಕ್ಕೆ ಬಂದು ಬಿದ್ದಿದೆ. ಬರ್ತೀನಿ ಅಂತ ಹೇಳ್ಬಾರ್ದಾ?"

ಅವರು ಗಂಡನ ಹೊದಿಕೆ ಸರಿಮಾಡಿ, ಮಂಚದ ಕಾಲನ್ನು ಕೊಂಡಿಗೆ ಬಿಗಿಯುತ್ತ, ಅವರಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳಿದರು.

"ಹೇಳ್ತೀನಿ ಕಣಪ್ಪ, ಹೇಳದೆ ಎಲ್ಲಿಗೆ ಹೋಗ್ಲಿ. ಆದ್ರೆ ಈಗ್ಲೇ ಹೇಳಿಬಿಟ್ರೆ, ನಾಳೆ ಸಾಯಂಕಾಲ ಇವರ ಹತ್ರ ಕೂತು ಅಷ್ಟು ಹೊತ್ತು ಮಾತಾಡೋರು ಯಾರು?"